ನಗುವಿನಲ್ಲಿ ಉದುರಿದ ಹಲ್ಲು

ಪ್ಯೊಂಗ್ಯಾಂಗ್
ಅಕ್ಟೋಬರ್ 14

ಪ್ರೀತಿಯ ಅಕ್ಕನಿಗೆ, ತಂಗಿ ಸುನ್‌ಬೊಕ್ ಮಾಡುವ ವಂದನೆಗಳು.

ನನ್ನ ಅಕ್ಷರ ನಿನಗೆ ಗೊತ್ತೇ ಇದೆ, ಕಾಗುಣಿತವೂ ತಪ್ಪಿದ್ದರೆ ಕ್ಷಮಿಸು. ಪ್ರಾಥಮಿಕ ಶಾಲೆ ಬಿಟ್ಟ ಮೇಲೆ ಅತಿಥಿಗೃಹದಲ್ಲಿ ಬರೀ ತಟ್ಟೆ ಹಿಡಿದ ಕೈ ಇದು. ನಿನ್ನ ಪತ್ರಕ್ಕೆ ಉತ್ತರ ತಡವಾಯಿತು. ಶಾಲೆಗೆಂದು ನನ್ನ ಬಳಿ ಬಿಟ್ಟ ನಿನ್ನ ಮಗಳು ಉನ್‌ಬ್ಯೊಲ್ ಚೆನ್ನಾಗಿದ್ದಾಳೆ.

ಕ್ರೀಡಾಂಗಣದ ಮಹಾಪ್ರದರ್ಶನಕ್ಕೆ ವಿದೇಶಿ ಅತಿಥಿಗಳ ಜೊತೆ ನನ್ನನ್ನೂ ಕಳಿಸಿದ್ದರು, ಬಿಸಿನೀರಿನ ಫ್ಲಾಸ್ಕ್ ಹೊರಲು. ಏನೆಂದು ಬರೆಯಲಿ ಅಕ್ಕಾ! ಎದುರಿನ ಮೆಟ್ಟಿಲುಗಳ ತುಂಬ ಮಕ್ಕಳು, ಆದರೆ ಒಂದು ಮುಖವೂ ಕಾಣದು. ಒಬ್ಬೊಬ್ಬರ ಕೈಯ ಪುಸ್ತಕದ ಬಣ್ಣದ ಹಾಳೆಯೂ ದೊಡ್ಡ ಚಿತ್ರದ ಒಂದು ಚುಕ್ಕೆ; ಎಲ್ಲರೂ ಒಮ್ಮೆಲೇ ಹಾಳೆ ಮಗುಚಿದರೆ ಸೇಬಿನ ತೋಟ ಹಣ್ಣಾಗುತ್ತದೆ, ಮತ್ತೆ ಮಗುಚಿದರೆ ಕತ್ತಲ ಕಡಲು. ಆ ಸದ್ದು ಪಾರಿವಾಳಗಳ ಹಿಂಡು ಎದ್ದಂತೆ. ಅತಿಥಿಗಳು ಚಪ್ಪಾಳೆಯನ್ನೇ ಮರೆತರು.

ಕೊನೆಗೆ ಕೈಹಿಡಿದು ನಗುವ ಮಕ್ಕಳ ಸಾಲು ಮೂಡಿತು. ತುದಿಯ ಹುಡುಗಿಯ ಬಿಳಿ ಹಲ್ಲುಗಳ ನಡುವೆ ಒಂದು ಕಪ್ಪು ಚುಕ್ಕೆ. ಯಾರೋ ಕಡಲಿನ ಕಪ್ಪು ಹಾಳೆ ಮಗುಚಿಲ್ಲ. ಅದು ಯಾರೆಂದು ನನಗೆ ತಕ್ಷಣ ಹೊಳೆಯಿತು. "ಚಿಕ್ಕಿ, ತುದಿ ಹುಡುಗಿಯ ಮುಂದಿನ ಹಲ್ಲು ನಾನೇ" ಎಂದು ಉನ್‌ಬ್ಯೊಲ್ ಬೆಳಿಗ್ಗೆಯೇ ಹೇಳಿದ್ದಳು.

ಶಿಕ್ಷಕಿ ಎಲ್ಲರೆದುರು ಬೈದರಂತೆ: "ಇಡೀ ದೇಶದ ಹಲ್ಲು ಉದುರಿಸಿದೆಯಲ್ಲೇ! ನಾಳೆಯಿಂದ ತಂಡಕ್ಕೆ ಬರಬೇಡ." ಮಗು ಅನ್ನ ಮುಟ್ಟಲಿಲ್ಲ.

ಮಾರನೆಯ ದಿನ ಅತಿಥಿಗೃಹದಲ್ಲಿ ಊಟಕ್ಕೆ ತಣ್ಣನೆ ಶಾವಿಗೆ ಬಡಿಸುತ್ತಿದ್ದೆ. ಚಿತ್ರ ಬರೆಯುವ ಮುದುಕಿ ಅತಿಥಿಯೊಬ್ಬರ ಮಾತನ್ನು ದುಭಾಷಿ ನಮ್ಮ ಅಧಿಕಾರಿಗೆ ಹೇಳಿದ: "ಎಲ್ಲಕ್ಕಿಂತ ಆ ಹಲ್ಲು ಬಿದ್ದ ಹುಡುಗಿಯೇ ಚೆಂದವಂತೆ. ಅಂಥದ್ದು ಹೊಳೆದವರ ಕೈ ಕುಲುಕಬೇಕಂತೆ."

ಅಧಿಕಾರಿ ಎದೆಯುಬ್ಬಿಸಿದರು: "ನಮ್ಮ ಕಲಾವಿದರು ಮಕ್ಕಳನ್ನ ಅಷ್ಟು ಹತ್ತಿರದಿಂದ ನೋಡ್ತಾರೆ ಅನ್ನು."

ಸಂಜೆಗೇ ಆಜ್ಞೆ ಬಂತು, ಆ ಹಲ್ಲು ಹಾಗೇ ಇರಲಿ ಎಂದು. ಬೈದ ಶಿಕ್ಷಕಿಯೇ ಸೇಬು ಹಿಡಿದು ಮನೆಗೆ ಬಂದರು: "ಇನ್ನು ಕಪ್ಪು ಹಾಳೆಯೇ ಹಿಡೀಬೇಕು. ಮರೆತು ಬಿಳಿ ತೋರಿಸೀಯೆ ಮತ್ತೆ!" ಮೂವರೂ ನಕ್ಕೆವು.

ಚಳಿ ಬಂತು, ಎದೆ ಬೆಚ್ಚಗಿಟ್ಟುಕೋ. ನೀನು ಸುಖವಾಗಿರು.

ನಿನ್ನ ತಂಗಿ,
ಸುನ್‌ಬೊಕ್

ಮರೆತಿದ್ದೆ: ಹಾಳೆ ಮಗುಚದ ಕಾರಣ ಅವಳು ನನಗೊಬ್ಬಳಿಗೇ ಹೇಳಿದ್ದಾಳೆ. ಎದುರಿನ ಜನರಲ್ಲಿ ನಿನ್ನ ನೀಲಿ ಕೋಟಿನಂಥದ್ದು ಕಂಡಿತಂತೆ. "ಅಮ್ಮನಿಗೆ ಇಲ್ಲಿಗೆ ಬರೋಕೆ ಅನುಮತಿ ಸಿಕ್ತೇನೋ ಅಂತ ನೋಡ್ತಿದ್ದೆ ಚಿಕ್ಕಿ." ಈ ವರ್ಷವೂ ಪ್ರಯಾಣದ ಪರವಾನಗಿ ಸಿಗಲಿಲ್ಲವೆಂಬ ನಿನ್ನ ಪತ್ರವನ್ನು ಅವಳಿಗೆ ಓದಿ ಹೇಳಲು ನನಗೆ ಬಾಯಿ ಬಂದಿಲ್ಲ. ಇಂದು ಬೆಳಿಗ್ಗೆ ಅವಳ ಅಲ್ಲಾಡುತ್ತಿದ್ದ ಕೋರೆಹಲ್ಲು ನಿಜವಾಗಿಯೂ ಬಿತ್ತು. ಹಕ್ಕಿ ಹೊಸದು ತರಲೆಂದು ಸೂರಿನ ಮೇಲೆ ಎಸೆಯಹೋದರೆ ಕೈ ಹಿಡಿದಳು: "ಬೇಡ, ಅಮ್ಮ ಎಸೀಲಿ." ಉಪ್ಪುನೀರಿನಲ್ಲಿ ತೊಳೆದು, ಬಟ್ಟೆಯ ಚೂರಿನಲ್ಲಿ ಸುತ್ತಿ, ಈ ಲಕೋಟೆಯೊಳಗೆ ಇಟ್ಟಿದ್ದೇನೆ.