ಐದು ಕೊಠಡಿ, ಒಂದೇ ಮದ್ದು

ಮಣಿಕೊಂಡ, ಹೈದರಾಬಾದ್
೭ ಮಾರ್ಚ್ ೨೦೨೫

ಪ್ರೀತಿಯ ಗುರುಬಾಯಿ ಅಕ್ಕನವರಿಗೆ,

ಸುವರ್ಣಾಳ ನಮಸ್ಕಾರ. ನಿಮ್ಮ ಶೇಂಗಾ ಹೋಳಿಗೆ ತಲುಪಿದ ದಿನವೇ ಡಬ್ಬಿ ಖಾಲಿಯಾಯಿತು. ಉತ್ತರ ಬರೆಯಲು ಮಾತ್ರ ತಿಂಗಳಾಯಿತು, ಸಿಟ್ಟಾಗಬೇಡಿ. ಫೋನ್ ಮಾಡೋಣವೆಂದರೆ ನನ್ನ ಯಜಮಾನರು, ಅಂದರೆ ನಿಮ್ಮ ತಮ್ಮನವರು, ಪಕ್ಕದಲ್ಲೇ ಕಿವಿ ನೆಟ್ಟು ಕೂತಿರುತ್ತಾರೆ.

ನಿವೃತ್ತರಾದ ಮೇಲೆ ಅವರು ಷೇರು ಮಾರುಕಟ್ಟೆಯ ಪೀಠಾಧಿಪತಿಗಳು. ಬೆಳಿಗ್ಗೆ ಮೊಬೈಲಿನ ದರ್ಶನವಾಗದೆ ಚಹ ಇಲ್ಲ. ದರ್ಶನವಾದ ಮೇಲೆ ಅವರ ಕೈಯಲ್ಲಿನ ಚಹದ ಕಪ್ಪು, ಬಸಿಯ ಮೇಲೆ ಟಕಟಕ ಕುಣಿಯುತ್ತದೆ.

ರಕ್ಷಣಾ ಕಾರ್ಖಾನೆಯಲ್ಲಿ ಅವರು ಸಿಡಿಮದ್ದಿನ ದಾಸ್ತಾನು ಕಾದವರಲ್ಲವೇ? ಮದ್ದನ್ನೆಲ್ಲ ಒಂದೇ ಕಡೆ ಇಡಬಾರದು. ಬೇರೆ ಬೇರೆ ಕೊಠಡಿ, ನಡುವೆ ಮಣ್ಣಿನ ದಿಬ್ಬ. ಒಂದು ಸಿಡಿದರೂ ಇನ್ನೊಂದು ಉಳಿಯಬೇಕು. ಆ ಶಾಸ್ತ್ರದಂತೆಯೇ ನಿವೃತ್ತಿಯ ಹಣವನ್ನು ಐದು ಮ್ಯೂಚುವಲ್ ಫಂಡಿಗೆ ಹಂಚಿ, "ಐದು ಕೊಠಡಿ ಕಟ್ಟೀನಿ, ನಿಶ್ಚಿಂತಿ ಮಲಕ್ಕೊ" ಎಂದರು. ಮಲಗಿದೆ.

ಫೆಬ್ರವರಿಯಲ್ಲಿ ಐದೂ ಒಟ್ಟಿಗೇ ಕುಸಿದವು. ಬ್ಯಾಂಕಿನಲ್ಲಿರುವ ನನ್ನ ತಂಗಿಯ ಮಗಳು ತನ್ವಿ ಬಂದು ನೋಡಿದಳು.

"ದೊಡ್ಡಪ್ಪಾ, ಹೆಸರು ಐದು ಅದಾವ್ರಿ, ಒಳಗ ಎಲ್ಲಾ ಅವೇ ಸಣ್ಣ ಕಂಪನಿ ಷೇರು. ಇವನ್ನ ಯಾಕ ಆರಿಸಿದ್ರಿ?"

"ಬ್ಯಾಂಕಿಗಿಂತ ಮೂರು ಪಟ್ಟು ಬಂದಿತ್ತವ್ವ."

"ಅಷ್ಟು ಯಾಕ ಕೊಡತೈತಿ ಅಂತ ಕೇಳಿದ್ರೇನು? ಹೆಂಗ ಏರತೈತೋ ಹಂಗ ಇಳಿಯೂದೂ ಇರತೈತಿ. ಈಗ ಮಾರಬ್ಯಾಡ್ರಿ. ವರ್ಷಗಟ್ಟಲೆ ಕಾದ್ರ ಚೇತರಿಸಿಕೊಂಡೀತು, ಖಾತ್ರಿ ಮಾತ್ರ ಇಲ್ಲ. ಮನಿ ಖರ್ಚಿಗೆ ಬ್ಯಾರೆ ಇಟ್ಟೀರಿಲ್ಲ?"

"ಎಲ್ಲಾ ಅದರಾಗ ಹಾಕೀನಿ" ಎಂದರು ಇವರು. ಆಮೇಲೆ ಮೆಲ್ಲಗೆ, "ನಡುವ ದಿಬ್ಬಾನ ಇಲ್ಲಲ್ಲವ್ವ" ಎಂದರು.

ಪಿಂಚಣಿ ಹಾಲು, ತರಕಾರಿಗೇ ಮುಗಿಯುತ್ತದೆ. ನಾನೀಗ ಸುಲ್ತಾನ್ ಬಜಾರಿಗೆ ಹೋದರೆ ಸೀರೆಗಳನ್ನು ಮುಟ್ಟಿ, ಆಶೀರ್ವದಿಸಿ ಬರುತ್ತೇನೆ.

ಮಕ್ಕಳಿಗೆಲ್ಲ ನನ್ನ ಮುತ್ತು. ನಿಮ್ಮ ಆಶೀರ್ವಾದವನ್ನು ಮಾತ್ರ ಈ ಸಲ ಹಂಚಬೇಡಿ, ಪೂರ್ತಿ ಅವರೊಬ್ಬರ ಮೇಲೇ ಇಡಿ.

ನಿಮ್ಮ
ಸುವರ್ಣಾ

ಬರೆಯಲೋ ಬೇಡವೋ ಎಂದು ಉಳಿಸಿಕೊಂಡದ್ದು: ಮನೆ ಖರ್ಚಿಗೆಂದು ಅವರು ಕೆಲಸ ಒಪ್ಪಿಕೊಂಡಿದ್ದಾರೆ. ಯುಗಾದಿಯ ಮರುದಿನದಿಂದ, ಊರಾಚೆಯ ಖಾಸಗಿ ಕಾರ್ಖಾನೆಯಲ್ಲಿ. ಅದೇ ಸಿಡಿಮದ್ದು, ಕೈಯಿಂದ ತುಂಬುವುದು. "ಈ ಅಪಾಯ ನನಗ ಗೊತ್ತಿದ್ದದ್ದು" ಅನ್ನುತ್ತಾರೆ. ಕಪ್ಪು ಕುಣಿಯುವುದು ದರದ ಹೆದರಿಕೆಗೆ ಎಂದುಕೊಂಡಿದ್ದೆ. ಕಳೆದ ಭಾನುವಾರ ಮಾರುಕಟ್ಟೆಗೆ ರಜೆ, ಮೊಬೈಲ್ ಕಪಾಟಿನಲ್ಲಿ. ಕಪ್ಪು ಆಗಲೂ ಅವರ ಕೈಯಲ್ಲಿ ಟಕಟಕ ಎನ್ನುತ್ತಿತ್ತು.

ಯುಗಾದಿಗೆ ಮೊದಲೇ ಬನ್ನಿ ಅಕ್ಕಾ. ಅವರು ಹೆದರುವುದು ನಿಮಗೊಬ್ಬರಿಗೇ.