ಆಯಿಯ ಮುಖ ರೋಷನನಿಗೆ

ಲತಾ,

ಅತ್ತು ಅತ್ತು ಈಗಷ್ಟೇ ನಿದ್ದೆ ಹೋಗಿದ್ದೀ, ಎಬ್ಬಿಸಲಿಲ್ಲ. ಚಿತೆಗೆ ಕಟ್ಟಿಗೆ ತರಲು ಅಂಕೋಲೆಗೆ ಹೊರಟೆ.

ಹೆತ್ತ ಆಯಿ ಹೋದ ಸುದ್ದಿ ತಮ್ಮ ರೋಷನನಿಗೆ ಮುಟ್ಟಿತು. ಅವನ ಹಡಗು ದಡ ಸೇರಲು ಇನ್ನೂ ಎಂಟು ದಿನ ಬೇಕಂತೆ. "ಆಯಿ ಮುಖ ಒಂದ್ಸಲ ನೋಡೂಕೆ ಬೇಕು ಅಣ್ಣಾ" ಎಂದು ಫೋನಿನಲ್ಲಿ ಅತ್ತ.

ಅವನು ಕಳಿಸಿದ ಕ್ಯಾಮರಾ ಕಪಾಟಿನಲ್ಲಿದೆ. ಆಯಿಯನ್ನು ಎತ್ತುವ ಮೊದಲೇ ಮುಖದ ಫೋಟೊ ತೆಗೆದಿಡು. ಮಿಂಚಿನ ಗುರುತಿನ ಗುಂಡಿ ಒತ್ತಿ ಫ್ಲ್ಯಾಶ್ ಬಂದ್ ಮಾಡು, ಕಿಟಕಿಯ ಬೆಳಕೇ ಸಾಕು. ದೊಡ್ಡ ಗುಂಡಿ ಅರ್ಧ ಒತ್ತಿ ಹಿಡಿ. ಹಸಿರು ಚೌಕ ಕಂಡಮೇಲೆ ಪೂರ್ತಿ ಒತ್ತು.

ಕಾರ್ಡು ತುಂಬಿದೆ ಎಂದರೆ ನಾನು ಬೆಳಿಗ್ಗೆ ತೆಗೆದ ಆರನ್ನೂ ಅಳಿಸು. ಎಲ್ಲ ಮಸುಕು, ನಾನು ಅಳುತ್ತಲೇ ಗುಂಡಿ ಒತ್ತಿದೆ.

ಅಳು ಬಂದರೆ ಗುಂಡಿ ಬಿಟ್ಟ ಮೇಲೆ ಅಳು, ತಂಗಿ.

ದುರ್ಗಪ್ಪಣ್ಣ