ಬೆನ್ನ ಹಿಂದಿನ ಚೆಂಡು

ಜೂನ್ 3
ಹೊಂಗನೂರಿನ ಮಹಾಜನಗಳೇ, ಗೊರಕೆಯಿಂದ ನೊಂದ ಸಮಸ್ತ ಸಭಿಕರೇ, ಕೇಳಿರಿ. ಮುತ್ತುರಾಜು ಎಂಬ ಈ ಪ್ರಾಣಿ, ಅಂದರೆ ನಾನೇ, ನಿದ್ದೆಯಲ್ಲಿ ಉಸಿರಾಡುವುದನ್ನೇ ಮರೆಯುತ್ತದಂತೆ. ದೂರು ಕೊಟ್ಟವಳು ಹೆಂಡತಿ ವನಜಾಕ್ಷಿ. ಹಿಪ್ಪುನೇರಳೆ ಸೊಪ್ಪು ಕೊಯ್ದು ಬಂದವನು ಕೂತಲ್ಲೇ ತೂಕಡಿಸಿದೆ. ನೋಡಿಬಿಟ್ಟಳು.
"ಡಾಕ್ಟ್ರತ್ರ ಬರೋಗಂಟ ಬೈಕ್ ಕೀ ಕೊಡಕಿಲ್ಲ."

ಜೂನ್ 9
ಮೊನ್ನೆ ರಾತ್ರಿ ಆಸ್ಪತ್ರೆಯಲ್ಲಿ ಮೈಗೆಲ್ಲ ವೈರ್ ಅಂಟಿಸಿ ಮಲಗಿಸಿದ್ದರು. ಇವತ್ತು ರಿಪೋರ್ಟ್. ಕಂಪ್ಯೂಟರಿನಲ್ಲಿ ನನ್ನ ಉಸಿರು — ಅಲೆ, ಅಲೆ, ಆಮೇಲೆ ಬರೀ ಗೆರೆ. ಅಂಗಾತ ಮಲಗಿದರೆ ನಾಲಿಗೆ ಹಿಂದಕ್ಕೆ ಜಾರಿ ಗಂಟಲಿನ ದಾರಿ ಮುಚ್ಚುತ್ತದಂತೆ. ಮಗ್ಗುಲಾದಾಗ ಅಲೆ ಹೆಚ್ಚುಕಡಿಮೆ ನಿಂತೇ ಇಲ್ಲ. ಅದೇ ಗಂಟಲು, ಅದೇ ನಾನು. ಒಂದು ಸಲ ಹೊರಳಿದರೆ ಇಷ್ಟು ವ್ಯತ್ಯಾಸ...
ಅಂಗಾತ ಅಂದರೆ ಅಪಘಾತ, ಮಗ್ಗುಲಾದರೆ ಹಿಗ್ಗು. ಡಾಕ್ಟರಿಗೂ ಹೇಳಿದೆ. ನಗಲಿಲ್ಲ.
"ಬನಿಯನ್ ಬೆನ್ನಿಗೆ ಚೆಂಡು ಹೊಲಿದುಕೊಂಡು ಮಲಗಿ, ಅಂಗಾತ ಆಗಲ್ಲ. ತಿಂಗಳು ಬಿಟ್ಟು ಮತ್ತೆ ಟೆಸ್ಟ್. ಸಾಲದಿದ್ರೆ ಮೆಷಿನ್."

ಜೂನ್ 10
ರಾಮನಗರದ ರೇಷ್ಮೆಗೂಡು ಮಾರ್ಕೆಟ್ಟಿನಲ್ಲಿ, ಗೂಡು ಕೊಂಡು ನೂಲು ತೆಗೆಯುವ ರೀಲರ್ ವಾಸಿಂ ಸಿಕ್ಕ. ಅವನಿಗೂ ಇದೇ ಕಾಯಿಲೆ, ಮೂಗಿಗೆ ಗಾಳಿ ಊದುವ ಮೆಷಿನ್. ಚೆಂಡಿನ ವಿಚಾರ ಹೇಳಿದೆ.
"ನಂಗೆ ಯಾವ್ ಕಡೆ ತಿರುಗುದ್ರೂ ನಿಂತೋಯ್ತದೆ ಕಣ್ಲಾ. ನಿನ್ ಗಂಟ್ಲು ನಿಂದು, ನನ್ ಗಂಟ್ಲು ನಂದು."
ಒಂದೇ ಹೆಸರಿನ ಕಾಯಿಲೆ, ಗಂಟಲಿಗೊಂದು ಮದ್ದು. ದಾರಿಯುದ್ದಕ್ಕೂ ಅದೇ ಯೋಚನೆ.

ಜೂನ್ 12
ಚೆಂಡು ಅಂದರೆ ನಮ್ಮ ಕಡೆ ಮರದ್ದಲ್ಲವೇ. ನಿನ್ನೆ ಚನ್ನಪಟ್ಟಣದ ಗೊಂಬೆ ಅಂಗಡಿಯಿಂದ ಅರಗಿನ ಬಣ್ಣದ್ದು ತಂದು, ನಾನೇ ಹೊಲಿದುಕೊಂಡು ಮಲಗಿದೆ. ಬೆಳಿಗ್ಗೆ ಬೆನ್ನಲ್ಲಿ ನಿಂಬೆಹಣ್ಣಿನಷ್ಟು ಬಾವು.
"ಬೆನ್ನು ಮುರ್ಕಂಡು ಉಸುರಾಡ್ತೀರಾ? ಟೆನಿಸ್ ಬಾಲ್ ಕಣ್ರೀ ಅದು," ಎಂದು ವನಜಾಕ್ಷಿ ಬಿಚ್ಚಿ ಮತ್ತೆ ಹೊಲಿದಳು.

ಜುಲೈ 14
ಎರಡನೇ ಟೆಸ್ಟಿನ ರಿಪೋರ್ಟ್ ಬಂತು. ಪರದೆ ತುಂಬ ಅಲೆ. ಗೆರೆ ಹುಡುಕಿದರೂ ಅಪರೂಪ. ಡಾಕ್ಟರು ಮೆಷಿನ್ ಸದ್ಯಕ್ಕೆ ಬೇಡ ಅಂದರು. ನೋಡುತ್ತಾ ನಿಂತುಬಿಟ್ಟೆ. ಪ್ರಾಸ ಒಂದೂ ಹೊಳೆಯಲಿಲ್ಲ.
ಪಕ್ಕದಲ್ಲಿ ವನಜಾಕ್ಷಿ, "ಇನ್ಮೇಲೆ ನಾನು ಮಲಗ್ಬೌದಾ ಸಾರ್?" ಎಂದು ಕೇಳಿದಳು. ನನ್ನ ಉಸಿರು ನಿಂತಾಗಲೆಲ್ಲ ಭುಜ ಅಲುಗಿಸಲು ಎದ್ದು ಕೂತಿರುತ್ತಿದ್ದಳಂತೆ. ವರ್ಷಗಟ್ಟಲೆ.

ಜುಲೈ 15, ಬೆಳಿಗ್ಗೆ
ನಾನೇ ಮೊದಲು ಎದ್ದೆ. ಅವಳಿನ್ನೂ ಮಲಗಿದ್ದಾಳೆ, ಬಾಯಿ ತುಸು ತೆರೆದು. ಅವಳ ನಿದ್ದೆ ನಾನು ನೋಡಿಯೇ ಇರಲಿಲ್ಲ. ಎಷ್ಟು ಸಲೀಸಾಗಿ ಉಸಿರು ಒಳಗೆ ಹೋಗುತ್ತದೆ, ಬರುತ್ತದೆ.
ಇದನ್ನು ಯಾರಿಗೂ ಬರೆಯುತ್ತಿಲ್ಲ. ದಿನಾ ಮಲಗಲು ಹೆದರುತ್ತಿದ್ದೆ, ತಮಾಷೆಯೆಲ್ಲ ಅದಕ್ಕೇ. ಅವಳೂ ಹೆದರಿಕೊಂಡೇ ನನ್ನ ಪಕ್ಕದಲ್ಲಿ ಎಚ್ಚರವಾಗಿ ಕೂತಿದ್ದಳು, ಇಷ್ಟು ವರ್ಷ.